ಮಾಜಿ ಸೈನಿಕರ ಸೂರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬೀದಿಯಲ್ಲಿ 72 ವರ್ಷದ ಹಿರಿಯರೊಬ್ಬರಿದ್ದಾರೆ. ಹನ್ನೊಂದು ವರ್ಷ ಸೇನೆಯಲ್ಲಿದ್ದು 1984ರಲ್ಲಿ ಸಿಪಾಯಿಯಾಗಿಯೇ ಹೊರಬಂದವರು, ಪಿಂಚಣಿ ಇಲ್ಲ. ಬಾಡಿಗೆ ಬಾಕಿ ಬಿದ್ದು ಮಾಲೀಕರು ಮನೆ ಖಾಲಿ ಮಾಡಿ ಎನ್ನುತ್ತಿದ್ದಾರೆ. ಡಿಸ್ಚಾರ್ಜ್ ಬುಕ್ ಕೂಡ ಕಳೆದಿದೆ. ಏನು ಮಾಡಬಹುದು?
— ಓದುಗರು, ಹಾಸನ

ಉತ್ತರ: ಮೊದಲು ಡಿಸ್ಚಾರ್ಜ್ ಬುಕ್, ಅಂದರೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ದಾಖಲೆ. ಅದಿಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಕಳೆದುಹೋದ ಬಗ್ಗೆ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಎರಡನ್ನೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ ಅವರ ರೆಕಾರ್ಡ್ಸ್ ಆಫೀಸಿಗೆ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಕಳಿಸಿ. ಅದು ರೆಜಿಮೆಂಟಿಗೆ ತಕ್ಕಂತೆ ಬೇರೆ ಬೇರೆ ಊರಲ್ಲಿರುತ್ತದೆ: ಮದ್ರಾಸ್ ಎಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ. ಸೇನಾ ನಂಬರ್ ಮರೆತಿದ್ದರೆ ಮನೆಯಲ್ಲಿ ಮೆಡಲ್ ಇದೆಯೇ ನೋಡಿ. ಅದರ ಅಂಚಿನಲ್ಲಿ ನಂಬರ್ ಮತ್ತು ಹೆಸರು ಕೆತ್ತಿರುತ್ತದೆ. ಅದೂ ಇಲ್ಲದಿದ್ದರೆ ತಂದೆಯ ಹೆಸರು, ಭರ್ತಿಯಾದ ವರ್ಷ, ಆಗಿನ ಊರು, ತಾಲ್ಲೂಕು ಬರೆಯಿರಿ. ಊರಿನ ಹೆಸರನ್ನು ಅಂದು ಬರೆಸಿದಂತೆಯೇ ಬರೆಯುವುದು ಮುಖ್ಯ.

ಪುಸ್ತಕದ ನಕಲು ಬಂದ ಮೇಲೆ ಅದೇ ಜಿಲ್ಲಾ ಕಚೇರಿಯಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ. ಇಲ್ಲಿ ಒಂದು ತೊಡಕಿದೆ. ಸೇನೆಯಲ್ಲಿ ಇದ್ದವರೆಲ್ಲ ಸರ್ಕಾರದ ಲೆಕ್ಕದಲ್ಲಿ 'ಮಾಜಿ ಸೈನಿಕ'ರಲ್ಲ. ಬಿಡುಗಡೆಯಾದ ವರ್ಷ ಯಾವುದು, ಕಾರಣ ಏನೆಂದು ಬರೆದಿದೆ ಎಂಬುದರ ಮೇಲೆ ಅದು ನಿಂತಿದೆ. ಅಶಿಸ್ತಿಗೆ ವಜಾ ಆದವರಿಗೆ ಇದು ಸಿಗುವುದಿಲ್ಲ. ಹಾಗಾಗಿ ಆ ಪುಟವನ್ನು ಮೊದಲೇ ಓದಿ ನೋಡಿ.

ಚೀಟಿ ಸಿಕ್ಕರೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯೂರಿ ಗ್ರಾಂಟ್‌ಗೆ (ಆದಾಯವಿಲ್ಲದವರಿಗೆ ಕೊಡುವ ಮಾಸಿಕ ನೆರವು) ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಿ. 65 ದಾಟಿದ, ಪಿಂಚಣಿಯಾಗಲಿ ಬೇರೆ ಖಾಯಂ ಆದಾಯವಾಗಲಿ ಇಲ್ಲದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೆ ಹಾಗೂ ಅವರ ವಿಧವೆಯರಿಗೆ ಇದು ಸಲ್ಲುತ್ತದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 8,000 ಆಗಿದೆ. ಅರ್ಜಿ ವಾಪಸಾಗುವುದು ಹೆಚ್ಚಾಗಿ ಹೆಸರಿನ ದೆಸೆಯಿಂದ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಡಿಸ್ಚಾರ್ಜ್ ಬುಕ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ತಾಳೆಯಾಗಬೇಕು. ಆಧಾರ್ ತಿದ್ದಿಸುವುದು ಸುಲಭ, ಸೇನೆಯ ದಾಖಲೆ ತಿದ್ದಿಸುವುದು ಬಲು ಕಷ್ಟ. ತಿದ್ದುವುದಾದರೆ ಆಧಾರನ್ನೇ ತಿದ್ದಿ.

ಅರ್ಜಿ ಜಿಲ್ಲೆ, ರಾಜ್ಯ, ದೆಹಲಿ ದಾಟಬೇಕು. ಈ ತಿಂಗಳ ಬಾಡಿಗೆಗೆ ಇದನ್ನು ನಂಬಿ ಕೂರಬೇಡಿ. ಸದ್ಯಕ್ಕೆ ಮಾಲೀಕರ ಜೊತೆ ಕಂತಿನ ಮಾತಾಡಿ, ಒಪ್ಪಿದ್ದನ್ನು ಬರಹದಲ್ಲಿಡಿ. ಬಾಕಿ ಇದೆಯೆಂದು ಸಾಮಾನು ಹೊರಗೆಸೆಯುವ, ನೀರು-ಕರೆಂಟು ಕಡಿಯುವ ಅಧಿಕಾರ ಅವರಿಗಿಲ್ಲ. ಅಷ್ಟಕ್ಕೆ ಹೋದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಯಜಮಾನರು ತೀರಿಕೊಂಡ ಮೇಲೆ ನನಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಈಗ ನಿಂತಿದೆ. ಸೈಬರ್ ಅಂಗಡಿಯಲ್ಲಿ ಲೈಫ್ ಸರ್ಟಿಫಿಕೇಟ್ ಕೊಟ್ಟಿದ್ದೆ. ಬಾಡಿಗೆ ಕಟ್ಟಲು ಆಗುತ್ತಿಲ್ಲ.
— ಓದುಗರು, ಬೆಳಗಾವಿ

ಉತ್ತರ: ಕೊಟ್ಟದ್ದು ಬೇರೆ ವಿಳಾಸಕ್ಕೆ ಹೋಗಿರಬೇಕು, ಅಮ್ಮ. ಪಿಂಚಣಿ ಬ್ಯಾಂಕಿನಿಂದ ಸ್ಪರ್ಶ್ ವ್ಯವಸ್ಥೆಗೆ (ರಕ್ಷಣಾ ಇಲಾಖೆಯೇ ನೇರ ಪಿಂಚಣಿ ಕೊಡುವ ಆನ್‌ಲೈನ್ ವ್ಯವಸ್ಥೆ) ಬದಲಾದವರಿಗೆ ಹೊಸ ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್ ಬಂದಿರುತ್ತದೆ. ಜೀವನ್ ಪ್ರಮಾಣ್ (ಆನ್‌ಲೈನ್ ಲೈಫ್ ಸರ್ಟಿಫಿಕೇಟ್) ತುಂಬುವಾಗ ಅಂಗಡಿಯವರು ಹಳೇ ನಂಬರ್ ಹಾಕಿ, ಪಿಂಚಣಿ ಕೊಡುವವರ ಜಾಗದಲ್ಲಿ ಬ್ಯಾಂಕ್ ಆರಿಸಿಬಿಡುತ್ತಾರೆ. ಅಲ್ಲಿ ಸ್ಪರ್ಶ್ ಎಂದೇ ಆರಿಸಬೇಕು. ಹೊಸ ಪಿಪಿಒ, ಆಧಾರ್, ಮೊಬೈಲ್ ತೆಗೆದುಕೊಂಡು ಕಾಮನ್ ಸರ್ವಿಸ್ ಸೆಂಟರಿಗೆ ಅಥವಾ ಸ್ಪರ್ಶ್ ಸೇವಾ ಕೇಂದ್ರಕ್ಕೆ ಹೋಗಿ, ತುಂಬುವಾಗ ಪಕ್ಕದಲ್ಲೇ ನಿಂತು ನೋಡಿ. ಬೆರಳಚ್ಚು ಬೀಳದಿದ್ದರೆ ಮುಖ ಗುರುತಿಸುವ ಆ್ಯಪ್ ಇದೆ. ದಾಖಲಾದ ಮೇಲೆ ನಿಂತ ತಿಂಗಳುಗಳದ್ದೂ ಸೇರಿ ಬರುತ್ತದೆ. ಮನೆ ಮಾಲೀಕರಿಗೆ ಸ್ವೀಕೃತಿ ತೋರಿಸಿ ಕಾಲಾವಕಾಶ ಕೇಳಿ. ಪಿಂಚಣಿಯ ಎಟಿಎಂ ಕಾರ್ಡನ್ನು ಮಾತ್ರ ಬಡ್ಡಿಯವರ ಕೈಗೆ ಕೊಡಬೇಡಿ. ಮುಂದೆ ಬರುವ ಪಿಂಚಣಿಯನ್ನು ಬರೆದುಕೊಡುವ ಕರಾರು 1871ರ ಪಿಂಚಣಿ ಕಾಯ್ದೆಯ ಪ್ರಕಾರ ಊರ್ಜಿತವೇ ಅಲ್ಲ.

ಪ್ರಶ್ನೆ: ನಿವೃತ್ತ ಹವಾಲ್ದಾರ್ ನಾನು. ಸಾಲ ಮಾಡಿ ಕಟ್ಟಿದ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ನಮ್ಮಿಬ್ಬರನ್ನೂ ಹೊರಗೆ ಹೋಗಿ ಅನ್ನುತ್ತಿದ್ದಾನೆ.
— ಹೆಸರು ಬೇಡ, ಮಡಿಕೇರಿ

ಉತ್ತರ: ಹೊರಗೆ ಹೋಗಬೇಡಿ. ಕೀಲಿ ಕೈಬಿಟ್ಟ ಮೇಲೆ ಹೋರಾಟ ಎರಡು ಪಟ್ಟು ಕಷ್ಟ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರವನ್ನು ಅನೂರ್ಜಿತ ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿರುವ ನ್ಯಾಯಮಂಡಳಿಗೆ.

ಇಡೀ ಪ್ರಕರಣ ನಿಲ್ಲುವುದು ಒಂದು ಸಾಲಿನ ಮೇಲೆ: 'ನಮ್ಮನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದೇನೆ.' ಆ ಷರತ್ತು ಇದ್ದುದನ್ನು ಕೊಟ್ಟವರೇ ತೋರಿಸಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕೆಂದಿತು; ಅಲ್ಲಿ ಮಗ ಪ್ರತ್ಯೇಕವಾಗಿ ಬರೆದುಕೊಟ್ಟ ಮುಚ್ಚಳಿಕೆಯೂ ಲೆಕ್ಕಕ್ಕೆ ಬಂತು. ನಿಮ್ಮ ಪತ್ರದಲ್ಲಿ ಆ ಸಾಲು ಇಲ್ಲದಿದ್ದರೆ ಮಗ ಬರೆದುಕೊಟ್ಟ ಚೀಟಿ, ಮೊಬೈಲ್ ಸಂದೇಶ, ಮಾತುಕತೆಯಲ್ಲಿದ್ದ ಹಿರಿಯರ ಹೇಳಿಕೆ, ಎಲ್ಲವನ್ನೂ ಅರ್ಜಿಗೆ ಲಗತ್ತಿಸಿ. ಜೀವನಾಂಶವನ್ನೂ ಕೇಳಬಹುದು. ಮಾರ್ಗದರ್ಶನಕ್ಕೆ ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567.

ಇನ್ನೂ ದಾನಪತ್ರ ಮಾಡದ ಓದುಗರು ಮಾಡಲೇಬೇಡಿ. ವಿಲ್ ಬರೆದರೆ ಸಾಕು, ಬದುಕಿರುವಷ್ಟು ದಿನ ಮನೆ ನಿಮ್ಮದೇ.

ಪ್ರಶ್ನೆ: ಮಾಜಿ ಸೈನಿಕರಿಗೆ ಸರ್ಕಾರ ಜಮೀನು ಕೊಡುತ್ತದಂತೆ, ಮನೆ ಸಾಲದ ಬಡ್ಡಿಯನ್ನೂ ಕಟ್ಟುತ್ತದಂತೆ. ನಿಜವೇ?
— ಓದುಗರು, ಗದಗ

ಉತ್ತರ: ಅರ್ಧ ನಿಜ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಶೇ 10 ಮೀಸಲು ಇದೆ. ಆದರೆ ತಾಲ್ಲೂಕಿನಲ್ಲಿ ಕೊಡಬಲ್ಲ ಸರ್ಕಾರಿ ಜಮೀನು ಇದ್ದರಷ್ಟೇ ಮೀಸಲಿಗೆ ಅರ್ಥ. ಬಡ್ಡಿ ಸಹಾಯ ಎಲ್ಲರಿಗೂ ಇಲ್ಲ. ಯುದ್ಧದಲ್ಲಿ ಅಥವಾ ಸೇವೆಯ ಕಾರಣದಿಂದ ಮಡಿದವರ ಕುಟುಂಬ ಹಾಗೂ ಅಂಗವಿಕಲರಾದವರಿಗೆ, ಒಂದು ಲಕ್ಷ ರೂಪಾಯಿವರೆಗಿನ ಸಾಲದ ಮೇಲೆ, ಅರ್ಧ ಬಡ್ಡಿ ಮಾತ್ರ. ಇಂದಿನ ಸಿಮೆಂಟು ಕಬ್ಬಿಣದ ಬೆಲೆಯಲ್ಲಿ ಒಂದು ಲಕ್ಷ ಅಡಿಪಾಯಕ್ಕೂ ಸಾಲದು. ಈ ಮಿತಿಯನ್ನು ಏರಿಸಲೇಬೇಕು. ಏಜೆಂಟರು 'ಸೈಟು ಕೊಡಿಸುತ್ತೇವೆ' ಎಂದು ಮುಂಗಡ ಕೇಳಿದರೆ ಕೊಡಬೇಡಿ, ನೇರ ತಹಶೀಲ್ದಾರ್ ಕಚೇರಿಗೆ ಹೋಗಿ ವಿಚಾರಿಸಿ.