ತಲೆಗೆ ಹೆಲ್ಮೆಟ್, ಗಾಲಿಗೆ ಎರೆಮಣ್ಣು: ಸೈಕಲ್ ತುಳಿಯುವವರ ಪ್ರಶ್ನೆಗಳಿಗೆ ಉತ್ತರ

ಸೈಕಲ್ ತುಳಿಯುವವರು ತಮ್ಮ ತೊಂದರೆ ಬರೆಯಲಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಹುಬ್ಬಳ್ಳಿ-ಧಾರವಾಡದಿಂದ, ಗದಗ, ಹಾವೇರಿಯಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರೋದು ಹೆಲ್ಮೆಟ್ ಬಗ್ಗೆ, ಹಾಗಾಗಿ ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಮಗ ಒಂಬತ್ತನೇ ತರಗತಿ. ನವನಗರದಿಂದ ವಿದ್ಯಾನಗರದ ಶಾಲೆಗೆ ಸೈಕಲ್ ಮೇಲೆ ಹೋಗುತ್ತಾನೆ. ಹೆಲ್ಮೆಟ್ ಕೊಡಿಸೋಣ ಅಂದರೆ ನಮ್ಮ ಯಜಮಾನರು, ‘ಸೈಕಲ್ಲಿಗೆ ಯಾರು ಹೆಲ್ಮೆಟ್ ಹಾಕ್ತಾರೆ? ಕಾನೂನಿನಲ್ಲೇ ಇಲ್ಲ. ಲಾರಿ ಬಡಿದರೆ ಅದು ಏನು ಉಳಿಸುತ್ತೆ?’ ಅಂತಾರೆ. ಮಗನಿಗೆ ಗೆಳೆಯರು ನಗುತ್ತಾರೆ ಅನ್ನೋ ಚಿಂತೆ. ಏನು ಮಾಡಲಿ?
— ಒಬ್ಬ ತಾಯಿ, ನವನಗರ

ಕೊಡಿಸಿ ಅಕ್ಕಾರೆ. ಈ ವಾರವೇ ಕೊಡಿಸಿ.

ಕಾನೂನಿನ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದು ಸರಿ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿರೋದು ಬೈಕು, ಸ್ಕೂಟರಿನವರಿಗೆ. ತುಳಿಯುವ ಸೈಕಲ್ಲು ಮೋಟಾರು ವಾಹನವೇ ಅಲ್ಲ, ಅದಕ್ಕೆ ದಂಡವೂ ಇಲ್ಲ. ಲಾರಿಯ ಮಾತೂ ಬಹಳಷ್ಟು ನಿಜ. ವೇಗವಾಗಿ ಬರೋ ಲಾರಿ ನೇರ ಬಂದು ಗುದ್ದಿದರೆ ಸೈಕಲ್ ಹೆಲ್ಮೆಟ್ ತಡೆಯುತ್ತೆ ಅಂತ ನಾನು ಹೇಳಲಾರೆ. ಅದನ್ನು ಮಾಡಿರೋದೇ ಆ ಪೆಟ್ಟಿಗಲ್ಲ.

ಮತ್ತೆ ಯಾವ ಪೆಟ್ಟಿಗೆ? ಯೂರೋಪಿನಲ್ಲಿ ಇಎನ್ 1078 ಅಂತ ಒಂದು ಮಾನದಂಡ ಇದೆ, ನಮ್ಮಲ್ಲಿ ಸಿಗೋ ಒಳ್ಳೆ ಹೆಲ್ಮೆಟ್‌ಗಳ ಒಳಗಡೆ ಚೀಟಿಯ ಮೇಲೆ ಆ ಸಂಖ್ಯೆ ಇರುತ್ತೆ. ಆ ಪರೀಕ್ಷೆಯಲ್ಲಿ ತಲೆಯ ಅಚ್ಚಿಗೆ ಹೆಲ್ಮೆಟ್ ತೊಡಿಸಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಬೀಳುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಈಗ ಯೋಚನೆ ಮಾಡಿ, ಸೈಕಲ್ ಮೇಲೆ ಕೂತ ಹುಡುಗನ ತಲೆ ನೆಲದಿಂದ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತೆ, ಅಲ್ವಾ? ಅಂದರೆ ಅವನು ತನ್ನಷ್ಟಕ್ಕೆ ತಾನು ಜಾರಿ ರಸ್ತೆಗೆ ತಲೆ ಬಡಿದುಕೊಂಡಾಗ ಕಾಪಾಡಲಿಕ್ಕೇ ಅದನ್ನು ಮಾಡಿರೋದು. ಒಳಗಿರೋ ದಪ್ಪ ಥರ್ಮೋಕೋಲ್ ಪೆಟ್ಟು ಬಿದ್ದಾಗ ನುಜ್ಜಾಗುತ್ತೆ, ನುಜ್ಜಾಗುತ್ತಾ ಪೆಟ್ಟಿನ ಜೋರನ್ನು ತಾನು ತಗೊಳ್ಳುತ್ತೆ. ತಲೆ ಒಮ್ಮೆಲೇ ನಿಲ್ಲದೆ ಸ್ವಲ್ಪ ಸಾವಕಾಶವಾಗಿ ನಿಲ್ಲುತ್ತೆ. ಆ ಸ್ವಲ್ಪದಲ್ಲೇ ಮಿದುಳು ಉಳಿಯೋದು.

ನಮ್ಮ ಊರಲ್ಲಿ ಸೈಕಲ್ಲಿನವರು ಹೇಗೆ ಬೀಳುತ್ತಾರೆ ನೋಡಿ. ಮಳೆ ನೀರು ತುಂಬಿ ತಗ್ಗು ಕಾಣದೆ ಬೀಳ್ತಾರೆ. ಬಣ್ಣ ಹಚ್ಚದ ಹಂಪ್ ಕತ್ತಲಲ್ಲಿ ಹಾರಿಸಿ ಬೀಳ್ತಾರೆ. ನಿಂತ ಕಾರಿನ ಬಾಗಿಲು ಒಮ್ಮೆಲೇ ತೆಗೆದಾಗ, ಎಡಗಡೆಯಿಂದ ನುಗ್ಗಿದ ಆಟೊ ಗಕ್ಕನೆ ಮುಂದೆ ನಿಂತಾಗ, ಹಸಿ ಎರೆಮಣ್ಣಿನ ಮೇಲೆ ಬ್ರೇಕ್ ಹಿಡಿದಾಗ ಬೀಳ್ತಾರೆ. ಇದರಲ್ಲಿ ಎಲ್ಲೂ ಲಾರಿ ಗುದ್ದಿಲ್ಲ. ಬಿದ್ದವರು ಎದ್ದು ಮೊಣಕಾಲು ಒರೆಸಿಕೊಂಡು ಹೋಗ್ತಾರೆ, ಆದರೆ ಮೊಣಕಾಲಿನ ಬದಲು ತಲೆ ಕಲ್ಲಂಚಿಗೆ ತಾಗಿದ್ದರೆ ಕತೆಯೇ ಬೇರೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು.

ನಿಮ್ಮ ಮಗನ ದಾರಿ ಬಿಆರ್‌ಟಿಎಸ್ ರಸ್ತೆ, ಅಂದರೆ ಬಸ್ಸಿಗೇ ಬೇರೆ ಪಥ ಇರೋ ಹುಬ್ಬಳ್ಳಿ-ಧಾರವಾಡ ರಸ್ತೆ. 2018ರಿಂದ ನಡುವಿನ ಪಥ ಚಿಗರಿ ಅನ್ನೋ ಬಸ್ಸಿಗೆ ಮೀಸಲು. ಖಾಲಿ ಕಾಣುತ್ತೆ ಅಂತ ಅದರೊಳಗೆ ಹೋಗಬೇಡ ಅಂತ ಗಟ್ಟಿಯಾಗಿ ಹೇಳಿ, ಅಲ್ಲಿ ಬಸ್ಸು ಜೋರಾಗಿ ಬರುತ್ತೆ. ಪಕ್ಕದ ಪಥದಲ್ಲಿ ಬೈಕು, ಕಾರು, ಟಂಟಂ ಎಲ್ಲಾ ಒಟ್ಟಿಗೆ, ಸೈಕಲ್ಲಿಗೆ ಬೇರೆ ಜಾಗ ಇಲ್ಲ. ಬೆಳಿಗ್ಗೆ ಸ್ವಲ್ಪ ಬೇಗ ಬಿಡಲಿ. ಒಳಗಿನ ಬಡಾವಣೆ ರಸ್ತೆಗಳು ಎಷ್ಟು ದೂರ ಸಿಗುತ್ತವೋ ಅಷ್ಟು ದೂರ ಅದರಲ್ಲೇ ಹೋಗಲಿ.

ಗೆಳೆಯರು ನಗೋದರ ಬಗ್ಗೆ: ಅಂಗಡಿಗೆ ಅವನನ್ನೇ ಕರೆದುಕೊಂಡು ಹೋಗಿ, ಬಣ್ಣ ಅವನೇ ಆರಿಸಲಿ. ಅವನಿಗೆ ಇದನ್ನೂ ಹೇಳಿ. 2003ರಲ್ಲಿ ಫ್ರಾನ್ಸಿನ ಪ್ಯಾರಿಸ್–ನೀಸ್ ರೇಸಿನಲ್ಲಿ ಆಂದ್ರೇ ಕಿವಿಲೆವ್ ಅನ್ನೋ ಕಜಕಿಸ್ತಾನದ ಸವಾರ ಹೆಲ್ಮೆಟ್ ಇಲ್ಲದೆ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಜಗತ್ತಿನ ಒಳ್ಳೆಯ ಸವಾರರಲ್ಲಿ ಒಬ್ಬ. ಅದೇ ವರ್ಷ ವೃತ್ತಿಪರ ರಸ್ತೆ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ವಿಜಯಪುರ, ಬಾಗಲಕೋಟೆ ಕಡೆ ರೇಸಿಗೆ ತಯಾರಾಗೋ ನಮ್ಮ ಹುಡುಗರನ್ನು ನೋಡಲಿ, ಹೆಲ್ಮೆಟ್ ಇಲ್ಲದೆ ಅವರು ಪೋಟಿಗೆ ಇಳಿಯೋದೇ ಇಲ್ಲ.

ಕೊಳ್ಳುವಾಗ ಹಣೆಯ ಸುತ್ತ ಟೇಪ್ ಹಿಡಿದು ಅಳತೆ ತಗೊಳ್ಳಿ. ‘ಬೆಳೆಯೋ ಹುಡುಗ’ ಅಂತ ದೊಡ್ಡ ಸೈಜ್ ತರಬೇಡಿ, ಸಡಿಲ ಇದ್ದರೆ ಬೀಳುವಾಗ ಹಿಂದೆ ಸರಿದು ಹಣೆ ಬಯಲಾಗುತ್ತೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗದ್ದದ ಕೆಳಗೆ ಒಂದೆರಡು ಬೆರಳು ಹಿಡಿಸುವಷ್ಟು ಜಾಗ ಸಾಕು. ಪಟ್ಟಿ ಬಿಗಿಯದೆ ಸುಮ್ನೆ ತಲೆ ಮೇಲೆ ಇಟ್ಟುಕೊಂಡರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಹೆಲ್ಮೆಟ್ ಹಾಕಿದವರ ಪಕ್ಕದಲ್ಲಿ ಕಾರುಗಳು ಇನ್ನೂ ಹತ್ತಿರ ಹಾದು ಹೋಗುತ್ತವೆ ಅಂತ ಓದಿದ್ದೇನೆ. ನೆದರ್ಲೆಂಡ್ಸ್‌ನಲ್ಲಿ ಯಾರೂ ಹಾಕುವುದಿಲ್ಲ. ಹಾಗಿದ್ದರೆ ಹೆಲ್ಮೆಟ್ ಮಾತಾಡುವುದೇ ರಸ್ತೆಯ ತಪ್ಪನ್ನು ಸೈಕಲ್ಲಿನವನ ತಲೆ ಮೇಲೆ ಹಾಕಿದಂತೆ ಅಲ್ಲವೇ?
— ಕಾಲೇಜು ಉಪನ್ಯಾಸಕ, ಧಾರವಾಡ

ಸರ್, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ, ಅರ್ಧ ನನ್ನದೂ ಅದೇ ಸಿಟ್ಟು.

ನೀವು ಓದಿದ್ದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಮಾಡಿದ ಪ್ರಯೋಗ ಇರಬೇಕು. 2006ರಲ್ಲಿ ಅವರು ಸೈಕಲ್ಲಿಗೆ ದೂರ ಅಳೆಯೋ ಸಾಧನ ಕಟ್ಟಿಕೊಂಡು ಓಡಾಡಿದರು. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ 8.5 ಸೆಂ.ಮೀ. ಹತ್ತಿರ ಬಂದವು. ಆಮೇಲೆ 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಒಂದು ಮೀಟರಿಗಿಂತ ಹತ್ತಿರ ಬರೋದಕ್ಕೂ ಹೆಲ್ಮೆಟ್ಟಿಗೂ ಸಂಬಂಧ ಕಾಣಲಿಲ್ಲ ಅಂದರು. ಈ ವಾದ ಇನ್ನೂ ನಡೆದಿದೆ. ಆದರೆ ಬಿದ್ದ ಮೇಲೆ ಏನಾಗುತ್ತೆ ಅನ್ನೋದರಲ್ಲಿ ಅಷ್ಟು ಗೊಂದಲ ಇಲ್ಲ. 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಗಂಭೀರ ಪೆಟ್ಟು ಬೀಳೋ ಸಾಧ್ಯತೆ ಸುಮಾರು ಶೇ. 70ರಷ್ಟು ಕಡಿಮೆ ಇತ್ತು. ಇದನ್ನು ಓದಿದ ಮೇಲೆ ಬರಿದಲೆಯಲ್ಲಿ ಹೋಗಿ ಅಂತ ಯಾರಿಗೂ ಹೇಳೋಕೆ ನನಗೆ ಮನಸ್ಸು ಬರೋದಿಲ್ಲ.

ನೆದರ್ಲೆಂಡ್ಸ್‌ನವರು ಹಾಕದೆ ತಿರುಗಾಡ್ತಾರೆ, ನಿಜ. ಅವರಿಗೆ ಕಾರಿನಿಂದ ಬೇರೆಯಾದ ದಾರಿ ಇದೆ, ಸೈಕಲ್ಲಿಗೇ ಸಿಗ್ನಲ್ ಇದೆ. ಅದನ್ನು ಮೊದಲು ನಮಗೆ ಕೊಡಲಿ. ಉಣಕಲ್ ನಾಲಾ ದಂಡೆಗೆ ಸೈಕಲ್ ದಾರಿ ಮಾಡುವ ಕೆಲಸ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಶುರುವಾಗಿದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಆದರೆ ಒಂದು ತುಂಡು ದಾರಿಯಿಂದ ಆಗೋದಿಲ್ಲ. ಮನೆಯಿಂದ ಶಾಲೆ, ಮಾರ್ಕೆಟ್, ಸ್ಟೇಶನ್ನಿಗೆ ಮುಟ್ಟಬೇಕು.

ಹಾಗಂತ ಕಡ್ಡಾಯ ಮಾಡೋದಕ್ಕೂ ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಕಡ್ಡಾಯ ಮಾಡಿತು. ಹಾಕುವವರು ಹೆಚ್ಚಾದರು, ಆದರೆ ಮೆಲ್ಬರ್ನ್‌ನಲ್ಲಿ ಸೈಕಲ್ ತುಳಿಯೋ ಹದಿಹರೆಯದವರೇ ಕಡಿಮೆಯಾದರು. ನಮ್ಮಲ್ಲಿ ಸೈಕಲ್ ತುಳಿಯೋರು ಯಾರು? ಗಾರೆ ಕೆಲಸಕ್ಕೆ ಹೋಗೋರು, ಪೇಪರ್ ಹಾಕೋರು, ಹಾಲು ತರೋರು, ಶಾಲೆ ಮಕ್ಕಳು. ಇವರಿಗೆ ದಂಡ ಹಾಕಿ ಏನು ಸಾಧಿಸೋದು? ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ಎಷ್ಟು ಹಳ್ಳಿ ಹುಡುಗಿಯರು ಹೈಸ್ಕೂಲಿಗೆ ತುಳಿದುಕೊಂಡು ಹೋದರು. ಮುಂದೆ ಸೈಕಲ್ ಕೊಡುವಾಗ ಜೊತೆಗೆ ಒಂದು ಒಳ್ಳೆ ಹೆಲ್ಮೆಟ್ಟೂ ಕೊಡಲಿ, ನಾನು ಕೇಳೋದು ಇಷ್ಟೇ.

ಮನೆಯಲ್ಲಿ ಬೈಕಿನ ಹಳೇ ಹೆಲ್ಮೆಟ್ ಇದೆ. ಅದನ್ನೇ ಸೈಕಲ್ಲಿಗೆ ಹಾಕಿದರೆ ನಡೆಯುತ್ತಾ?
— ಬೆಟಗೇರಿ

ಪೆಟ್ಟಿನಿಂದ ಕಾಪಾಡುತ್ತೆ, ಆದರೆ ತುಳಿಯೋಕೆ ಆಗೋದಿಲ್ಲ. ಒಂದು ಕಿಲೋಗಿಂತ ಭಾರ, ಗಾಳಿ ಆಡೋದಿಲ್ಲ, ಹಿಂದಿನ ಸದ್ದೂ ಸರಿಯಾಗಿ ಕೇಳಿಸೋದಿಲ್ಲ. ಸೈಕಲ್ಲಿನದು ಮುನ್ನೂರು ಗ್ರಾಂ ಆಸುಪಾಸು. ತಿರುಗಾಮುರುಗಾ ಮಾಡಬೇಡಿ, ಅಂದರೆ ಸೈಕಲ್ ಹೆಲ್ಮೆಟ್ ಹಾಕಿ ಬೈಕ್ ಓಡಿಸಬೇಡಿ. ಬೈಕಿನ ಹಿಂದೆ ಕೂರೋ 9 ತಿಂಗಳಿಂದ 4 ವರ್ಷದ ಕೂಸುಗಳಿಗೆ ಮಾತ್ರ ಮಾನದಂಡಕ್ಕೆ ಹೊಂದುವ ಸೈಕಲ್ ಹೆಲ್ಮೆಟ್ ಹಾಕಬಹುದು ಅಂತ 2022ರ ಕೇಂದ್ರದ ನಿಯಮ ಹೇಳುತ್ತೆ.

ಜಡೆ ಇದ್ದರೆ ಹೆಲ್ಮೆಟ್ ಕೂರುವುದಿಲ್ಲ. ಬೆವರಿಗೆ ತಲೆ ತುರಿಸುತ್ತೆ. ಓಡನಿ ಬೇರೆ ಗಾಲಿಗೆ ಸಿಕ್ಕಿಕೊಳ್ಳುತ್ತೆ. ಸಾಧನಕೇರಿ ಏರು ಹತ್ತುವಷ್ಟರಲ್ಲಿ ಸಾಕಾಗಿ ಹೋಗುತ್ತೆ.
— ವಿದ್ಯಾರ್ಥಿನಿ, ಧಾರವಾಡ

ತಂಗಿ, ತುರುಬು ಕಟ್ಟಿದರೆ ಕೂರೋದಿಲ್ಲ, ಸರಿ. ಕುತ್ತಿಗೆ ಹತ್ತಿರ ಕೆಳಗೆ ಸಡಿಲ ಜಡೆ ಹಾಕಿಕೋ, ಹೆಲ್ಮೆಟ್ಟಿನ ಹಿಂದೆ ಬಿಗಿ ಮಾಡೋಕೆ ಇರೋ ತಿರುಗಣಿ ಅದರ ಮೇಲೆ ಕೂರುತ್ತೆ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರು ಹೀರುತ್ತೆ. ಸಂಜೆ ಅದನ್ನು ಒಗೆದು ಹಾಕು. ದಪ್ಪ ಟೋಪಿ ಮಾತ್ರ ಬೇಡ, ಹೆಲ್ಮೆಟ್ ಎತ್ತರಕ್ಕೆ ನಿಲ್ಲುತ್ತೆ.

ಓಡನಿಯ ಮಾತು ಹೆಲ್ಮೆಟ್ಟಿಗಿಂತ ದೊಡ್ಡದು. ಗಾಲಿಗೆ ಸುತ್ತಿಕೊಂಡರೆ ಕುತ್ತಿಗೆಯನ್ನೇ ಜಗ್ಗುತ್ತೆ. ಸೈಕಲ್ ಹತ್ತುವ ಮುಂಚೆ ಅದನ್ನು ತೆಗೆದು ಬ್ಯಾಗಿಗೆ ಹಾಕು, ಇಲ್ಲವೇ ಅಡ್ಡಲಾಗಿ ತಂದು ನಡುವಿಗೆ ಗಂಟು ಹಾಕು. ಹಿಂದಿನ ಗಾಲಿಗೆ ಸೀರೆ ಗಾರ್ಡ್ ಅಂತ ಜಾಳಿಗೆ ಸಿಗುತ್ತೆ, ಯಾವ ಸೈಕಲ್ ಅಂಗಡಿಯವರೂ ಕೂರಿಸಿಕೊಡುತ್ತಾರೆ. ಚೈನಿಗೆ ಪೂರ್ತಿ ಮುಚ್ಚೋ ಕವರ್ ಇರೋ ಲೇಡೀಸ್ ಸೈಕಲ್ ಆದರೆ ಇನ್ನೂ ಒಳ್ಳೇದು.

ಏರು ಬಂದಾಗ ಇಳಿದು ತಳ್ಳೋದರಲ್ಲಿ ಏನೂ ಅವಮಾನ ಇಲ್ಲ. ಗೇರ್ ಇದ್ದರೆ ಏರು ಶುರುವಾಗೋ ಮುಂಚೆಯೇ ಹಗುರ ಗೇರಿಗೆ ಹಾಕು. ನಡುವೆ ಒತ್ತಡದಲ್ಲಿ ಬದಲಿಸಿದರೆ ಚೈನ್ ಬೀಳುತ್ತೆ.

ಸುಗ್ಗಿಯಲ್ಲಿ ನಮ್ಮ ರಸ್ತೆ ತುಂಬಾ ಗೋವಿನಜೋಳ ಒಣಗಿಸುತ್ತಾರೆ. ಹುರುಳಿ, ಸೋಯಾ ಹಾಸಿ ವಾಹನದಿಂದಲೇ ಒಕ್ಕುತ್ತಾರೆ. ಸೈಕಲ್ ಮೇಲೆ ಹೋಗೋರು ಜಾರುತ್ತಾರೆ. ಯಾರಿಗೆ ಹೇಳಬೇಕು?
— ಶಿಕ್ಷಕ, ಹಾನಗಲ್ ರಸ್ತೆ, ಹಾವೇರಿ ಜಿಲ್ಲೆ

ಮೇಷ್ಟ್ರೇ, ಇದು ಬರೀ ಸೈಕಲ್ಲಿನ ಪ್ರಶ್ನೆ ಅಲ್ಲ. ರೈತನಿಗೆ ಕಣ ಇಲ್ಲ. ಇದ್ದ ಕಣ ಮನೆಗಳಾಗಿವೆ. ಡಾಂಬರು ಬಿಸಿ ಇರುತ್ತೆ, ಕಾಳು ಬೇಗ ಒಣಗುತ್ತೆ. ಅವರನ್ನು ಬೈದರೆ ಆಗೋದಿಲ್ಲ. ಪಂಚಾಯಿತಿಯಲ್ಲಿ ಸಾಮೂಹಿಕ ಒಕ್ಕಣೆ ಕಣಕ್ಕೆ ಗ್ರಾಮಸಭೆಯಲ್ಲಿ ಕೇಳಿ, ನರೇಗಾದಡಿ ಒಕ್ಕಣೆ ಕಣ ಕಟ್ಟಿಕೊಂಡ ಊರುಗಳಿವೆ. ಅಲ್ಲಿಯವರೆಗೆ ರಸ್ತೆಯ ಒಂದೇ ಮಗ್ಗುಲಿಗೆ ಹಾಕಲಿ, ಅಂಚಿಗೆ ಕಲ್ಲು ಇಡೋದನ್ನು ಮಾತ್ರ ಬಿಡಲಿ. ಬೆಳೆಗಿಂತ ಆ ಕಲ್ಲುಗಳೇ ರಾತ್ರಿ ಜನರನ್ನು ಕೆಡವೋದು.

ನಿಮ್ಮ ಮಕ್ಕಳಿಗೆ ಹೇಳಿಕೊಡಿ: ಕಾಳಿನ ಮೇಲೆ ಬಂದಾಗ ಮುಂದಿನ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ತುಳಿಯೋದು ಬಿಟ್ಟು ನೇರ ಸಾಗಿ. ಹೊಟ್ಟು ದಪ್ಪ ಇದ್ದರೆ ಇಳಿದುಬಿಡಿ. ಚೈನಿನೊಳಗೆ ಹೋದರೆ ಬಿಡಿಸೋದು ಕಷ್ಟ.

ರೋಣದ ಕಡೆ ಎರೆ ಹೊಲದ ದಾರಿ. ಮಳೆಯಾದರೆ ಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿಯೇ ತಿರುಗುವುದಿಲ್ಲ. ಬೇಸಿಗೆಯಲ್ಲಿ ಜಾಲಿ ಮುಳ್ಳು. ಪಂಕ್ಚರ್ ತೆಗೆಸಿ ತೆಗೆಸಿ ಬೇಸರ ಬಂದಿದೆ.
— ಗದಗ ಜಿಲ್ಲೆಯ ಓದುಗ

ಎರೆಮಣ್ಣು ಹಸಿ ಇದ್ದಾಗ ಅದರಲ್ಲಿ ತುಳಿಯೋ ಹಟ ಬೇಡ. ಹೆಗಲ ಮೇಲೆ ಹೊತ್ತು ದಾಟಿ, ಇಲ್ಲವೇ ಹುಲ್ಲಿನ ಅಂಚಿಗೆ ತಳ್ಳಿಕೊಂಡು ಹೋಗಿ. ಮಳೆಗಾಲಕ್ಕೆ ಮಡ್‌ಗಾರ್ಡ್ ಬಿಚ್ಚಿಡೋರು ಇದ್ದಾರೆ, ಬೆನ್ನಿಗೆ ಕೆಸರು ಸಿಡಿದರೂ ಗಾಲಿ ತಿರುಗುತ್ತೆ. ಮನೆಗೆ ಬಂದ ಕೂಡಲೇ ತೊಳೆಯಿರಿ. ಒಣಗಿದರೆ ಸಿಮೆಂಟಿನ ಹಾಗೆ ಹಿಡಿಯುತ್ತೆ. ಚೈನ್ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಬಿಡಿ, ಅಡುಗೆ ಎಣ್ಣೆ ಅಂಟಾಗುತ್ತೆ.

ಮುಳ್ಳಿಗೆ ಪೂರ್ತಿ ಮದ್ದಿಲ್ಲ. ಟೈರ್ ಸವೆದಿದ್ದರೆ ಮೊದಲು ಬದಲಿಸಿ. ಟೈರಿಗೂ ಟ್ಯೂಬಿಗೂ ನಡುವೆ ಹಳೇ ಟ್ಯೂಬ್ ಸೀಳಿ ಹಾಸಿದರೆ ಸಣ್ಣ ಮುಳ್ಳು ನಿಲ್ಲುತ್ತೆ. ಪಂಕ್ಚರ್ ತೆಗೆದ ಮೇಲೆ ಟೈರಿನ ಒಳಗಡೆ ಬೆರಳಾಡಿಸಿ ನೋಡಿ, ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿರುತ್ತೆ, ಮರುದಿನ ಮತ್ತೆ ಅದೇ ಜಾಗಕ್ಕೆ ಚುಚ್ಚುತ್ತೆ. ಒಂದು ಸೊಲ್ಯೂಶನ್ ಟ್ಯೂಬ್, ಪ್ಯಾಚ್, ಕೈಪಂಪು ಇಟ್ಟುಕೊಂಡರೆ ನಾಲ್ಕು ಮೈಲಿ ತಳ್ಳೋದು ತಪ್ಪುತ್ತೆ.

ಆಷಾಢದ ಗಾಳಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೇನೆ. ಆಗ ಗಾಳಿ ಪಡುವಣದಿಂದ ಬೀಸುತ್ತೆ, ಗದಗದಿಂದ ಹುಬ್ಬಳ್ಳಿ ಕಡೆ ಹೊರಟರೆ ಇಡೀ ದಾರಿ ಎದುರುಗಾಳಿ. ಬೆಳಿಗ್ಗೆ ಬೇಗ ಹೊರಟರೆ ಅದರ ಜೋರು ಕಡಿಮೆ ಇರುತ್ತೆ.

ಬೆಳಿಗ್ಗೆ ನಾಲ್ಕೂವರೆಗೆ ಪೇಪರ್ ಹಾಕಲು ಹೋಗುತ್ತೇನೆ. ನಾಯಿ ಬೆನ್ನು ಹತ್ತುತ್ತವೆ. ಹೋದ ತಿಂಗಳು ಬಿದ್ದೆ, ಹೆಲ್ಮೆಟ್ ಸ್ವಲ್ಪ ಸೀಳಿದೆ. ಅದನ್ನೇ ಹಾಕಬಹುದಾ?
— ಕೇಶ್ವಾಪುರ

ಹಾಕಬೇಡಪ್ಪಾ. ಥರ್ಮೋಕೋಲ್ ಒಂದು ಸಲ ನುಜ್ಜಾದರೆ ಮತ್ತೆ ಉಬ್ಬೋದಿಲ್ಲ, ಎರಡನೇ ಪೆಟ್ಟಿಗೆ ಆ ಜಾಗದಲ್ಲಿ ಏನೂ ಇರೋದಿಲ್ಲ. ಫೆವಿಕ್ವಿಕ್ ಹಚ್ಚಿ ಅಂಟಿಸೋದೂ ಬೇಡ. ನಿನಗೆ ಪೇಪರ್ ಕೊಡೋ ಏಜೆಂಟರ ಹತ್ತಿರ ಹೊಸದನ್ನು ಕೇಳು, ಕೆಲಸಕ್ಕೆ ಬೇಕಾದ ಸಾಮಾನು ಅದು. ಈ ಅಂಕಣ ಓದೋ ಏಜೆಂಟರು ಇದ್ದರೆ, ಹುಡುಗರು ಕೇಳೋವರೆಗೆ ಕಾಯಬೇಡಿ.

ನಾಯಿ ಬಂದಾಗ ಜೋರಾಗಿ ತುಳಿದರೆ ಅವೂ ಜೋರಾಗಿ ಓಡ್ತವೆ. ನಿಧಾನ ಮಾಡು, ಇಳಿ, ಸೈಕಲ್ಲನ್ನು ನಿನಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆ, ಗಟ್ಟಿ ದನಿಯಲ್ಲಿ ಗದರಿಸು. ಬಹಳಷ್ಟು ಸಲ ಅಲ್ಲಿಗೇ ಬಿಡುತ್ತವೆ. ಕಚ್ಚಿದರೆ, ಬರೀ ಪರಚಿದರೂ, ಸೋಪು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಹಾಕಿಸಿಕೋ. ಹೇಳಿದಷ್ಟೂ ಡೋಸ್ ಮುಗಿಸು. ಸೈಕಲ್ಲಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯಾ ನೋಡು, ಹೆಲ್ಮೆಟ್ಟಿನ ಹಿಂದೆಯೂ ಮಿನುಗೋ ಪಟ್ಟಿ ಒಂದು ಅಂಟಿಸು. ಆ ಹೊತ್ತಿಗೆ ರಸ್ತೆಯಲ್ಲಿ ಬರೋ ಗಾಡಿಯವರು ನಿದ್ದೆಗಣ್ಣಲ್ಲಿ ಇರ್ತಾರೆ.