ಕುಡಿದ ದಿನ ಮಾತ್ರೆ ಬೇಡ ಅಂದಿದ್ದು ಯಾರು?

ಎಚ್‌ಐವಿ ಇರುವವರಿಗೆ ಆಸ್ಪತ್ರೆಯಲ್ಲಿ ಮಾತ್ರೆಯ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ಅಲ್ಲಿಗೆ ಬರುವ ಒಬ್ಬ ಹುಡುಗನನ್ನು ಕೇಳಿ, ಅವನು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಊರು, ಮನೆ, ಕೆಲಸದ ಕೆಲವು ವಿವರ ಬದಲಾಯಿಸಿದ್ದೇನೆ. ಕೊಡಗು ಸಣ್ಣ ಜಿಲ್ಲೆ. ಬಸ್ಸಿನಲ್ಲಿ ಪಕ್ಕ ಕೂತವರು "ಯಾರ ಮನೆಯವರು?" ಅಂತ ಕೇಳಿಯೇ ಮಾತು ಶುರುಮಾಡುತ್ತಾರೆ. ಅದಕ್ಕೇ ಇಷ್ಟು ಎಚ್ಚರ.

ಅವನಿಗೆ 18 ತುಂಬಿ ಕೆಲವೇ ತಿಂಗಳಾಗಿತ್ತು. ಎಚ್‌ಐವಿ ಹುಟ್ಟಿನಿಂದಲೇ, ತಾಯಿಯ ಮೂಲಕ ಬಂದದ್ದು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಸಾಕಿದ್ದು ಅಮ್ಮನ ತಾಯಿ. ಅಜ್ಜಿ ಪಿರಿಯಾಪಟ್ಟಣದ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆ ಬಂದವರು, ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ ಮುದುಕಿಯಾದವರು. ಸರ್ಕಾರ ಎಚ್‌ಐವಿ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಮೇಲಿನ ಒಂದೆರಡು ವರ್ಷದಲ್ಲಿ ಹುಟ್ಟಿದ ಮಕ್ಕಳು ಇವರು. ಬದುಕಿ ಉಳಿದು, ಮೀಸೆ ಬಂದು, ಈಗ ನಮ್ಮೆದುರು ಕೂತು ಕಷ್ಟದ ಪ್ರಶ್ನೆ ಕೇಳುತ್ತಾರೆ.

ಜನವರಿಯ ಮೊದಲ ವಾರ ಅಜ್ಜಿ, ಮೊಮ್ಮಗ ಇಬ್ಬರೂ ಬಂದರು. ತೋಟದಲ್ಲಿ ಕಾಫಿ ಕುಯ್ಲು ಜೋರಾಗಿದ್ದ ಕಾಲ. ಒಂದು ದಿನದ ಕೂಲಿ ಬಿಟ್ಟು ಬರುವುದು ಅಜ್ಜಿಗೆ ಸಣ್ಣ ಮಾತಲ್ಲ. ನಾವೇ ಫೋನ್ ಮಾಡಿ ಕರೆಸಿದ್ದೆವು. ಹುಡುಗನ ವೈರಲ್ ಲೋಡ್ ಏರಿತ್ತು. ಒಂದು ಮಿಲಿ ಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ ಅದು. 1000 ದಾಟಿದರೆ ನಾವು ಕೂತು ವಿಚಾರಿಸಲೇಬೇಕು. ಇವನದು 12 ಸಾವಿರದ ಮೇಲೆ. ಹಿಂದಿನ ವರ್ಷ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇತ್ತು.

ಮಾತ್ರೆಯ ಲೆಕ್ಕ ಮಾತ್ರ ಸರಿಯಾಗಿತ್ತು. ಪ್ರತಿ ಸಲ ಡಬ್ಬಿಯಲ್ಲಿ ಎಷ್ಟು ಉಳಿಯಬೇಕೋ ಅಷ್ಟೇ ಉಳಿದಿತ್ತು.

"ದಿನಾ ಡಬ್ಬಿ ಅಲ್ಲಾಡಿಸಿ ಎಣಿಸ್ತೀನಿ ಕಣಮ್ಮ. ಒಂದಿನವೂ ತಪ್ಪಿಲ್ಲ" ಎಂದರು ಅಜ್ಜಿ.

ಹುಡುಗ ನೆಲ ನೋಡುತ್ತಿದ್ದ. ಅಜ್ಜಿಗೆ ಕ್ಯಾಂಟೀನಿನಲ್ಲಿ ಒಂದು ಲೋಟ ಕಾಫಿ ಕುಡಿದು ಬನ್ನಿ ಅಂದೆ. ಅವರು ಹೋದ ಮೇಲೆ ಬಾಗಿಲು ಹಾಕಿದೆ.

"ಮಾತ್ರೆ ಸರಿಯಾಗಿ ತಗೋತಿದ್ದೀಯಾ?" ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಹೌದು ಅನ್ನುವುದನ್ನು ಈ ಮಕ್ಕಳು ಐದನೇ ವಯಸ್ಸಿಗೇ ಕಲಿತಿರುತ್ತಾರೆ. "ಎಲ್ಲರಿಗೂ ತಪ್ಪುತ್ತೆ. ಹೋದ ತಿಂಗಳು ನಿನಗೆ ಎಷ್ಟು ದಿನ ಆಗಲಿಲ್ಲ?" ಅಂದೆ.

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, "ಶನಿವಾರ, ಭಾನುವಾರ ಆಗಲ್ಲ ಮೇಡಂ" ಅಂದ.

ಪಿಯುಸಿ ಓದುತ್ತಾ ವಾರದ ಕೊನೆಗೆ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡುತ್ತಾನೆ. ಬೆಂಗಳೂರಿನಿಂದ ಬಂದವರಿಗೆ ರೂಮು ತೋರಿಸುವುದು, ಸಂಜೆ ಬೆಂಕಿ ಹಾಕಿ ಕೊಡುವುದು, ಊಟ ಬಡಿಸುವುದು. ಮಾತ್ರೆಯ ಹೊತ್ತು ರಾತ್ರಿ ಒಂಬತ್ತು. ಆಗಲೇ ಬೆಂಕಿಯ ಸುತ್ತ ಜನ ಕೂತಿರುತ್ತಾರೆ. ಕೆಲಸದ ಹುಡುಗರಿಗೆಲ್ಲ ಮಲಗಲು ಒಂದೇ ಕೋಣೆ. ಡಬ್ಬಿ ತೆಗೆದರೆ ಗಲಗಲ ಅನ್ನುತ್ತದೆ. "ಏನೋ ಅದು?" ಅಂತ ಒಬ್ಬ ಕೇಳಿದರೆ ಮುಗಿಯಿತು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಹುಡುಗರು ಹಂಚಿಕೊಂಡು ಕುಡಿಯುತ್ತಾರೆ. ಇವನೂ ಕುಡಿಯುತ್ತಾನೆ. ನಮ್ಮ ಕಡೆ ಮದುವೆ, ಹಬ್ಬ, ತೋಟದ ಲೆಕ್ಕ ಮುಗಿದ ದಿನ, ಎಲ್ಲದಕ್ಕೂ ಬಾಟಲಿ ಇರುತ್ತದೆ. ಕುಡಿಯದ ಹುಡುಗನಿಗೆ ನೂರು ಪ್ರಶ್ನೆ. "ಯಾಕೋ, ಮಾತ್ರೆ ಏನಾದ್ರೂ ತಗೋತೀಯಾ?" ಅಂತಲೂ ಕೇಳುತ್ತಾರೆ. ಅವರು ಸುಮ್ನೆ ಕೇಳುವುದು. ಇವನಿಗೆ ಎದೆ ಹೊಡೆದುಕೊಳ್ಳುತ್ತದೆ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಶುರುವಾದದ್ದು ಹೊಸ ವರ್ಷದವರೆಗೂ ಮುಂದುವರಿದಿತ್ತು. ಡಿಸೆಂಬರಿನ ಕೊನೆಯ ವಾರ ಒಂದು ಮಾತ್ರೆಯೂ ಒಳಗೆ ಹೋಗಿರಲಿಲ್ಲ. ಉಳಿದ ಮಾತ್ರೆಗಳನ್ನು ಲೆಕ್ಕ ಸರಿ ಕಾಣಲಿ ಅಂತ ಕಾಫಿ ಗಿಡದ ಬುಡದಲ್ಲಿ ಹುಗಿದಿದ್ದ.

"ಕೋಣೆಯಲ್ಲಿ ಕಷ್ಟ ಸರಿ. ಬೆಳಿಗ್ಗೆ ಮನೆಗೆ ಬಂದು ನುಂಗಬಹುದಿತ್ತಲ್ಲ?" ಅಂದೆ.

"ಕುಡಿದಿರ್ತೀನಲ್ಲ ಮೇಡಂ. ಕುಡಿದಾಗ ತಗೋಬಾರ್ದು ಅಲ್ವಾ? ನೀವೇ ಹೇಳಿದ್ರಿ."

ನನಗೆ ಮಾತೇ ಹೊರಡಲಿಲ್ಲ. ಎರಡು ವರ್ಷದ ಹಿಂದೆ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದ್ದೆ. "ಈ ಮಾತ್ರೆಗೂ ಕುಡಿತಕ್ಕೂ ಆಗಿಬರಲ್ಲ, ಎರಡೂ ಒಟ್ಟಿಗೆ ಬೇಡ" ಅಂದಿದ್ದೆ. ಕುಡಿಯಬೇಡಿ ಎಂಬುದು ನನ್ನ ಅರ್ಥ. ಎರಡರಲ್ಲಿ ಒಂದನ್ನು ಬಿಡು ಎಂದು ಅವನು ಕೇಳಿಸಿಕೊಂಡಿದ್ದ. ಒಂದನ್ನು ಬಿಟ್ಟಿದ್ದ. ತಪ್ಪು ನನ್ನದೇ. ಅವನಿಗೂ ಹಾಗೇ ಹೇಳಿದೆ. "ಅವತ್ತು ನಾನು ಅರ್ಧ ಹೇಳಿದ್ದೆ ಮಗಾ. ಇವತ್ತು ಪೂರ್ತಿ ಹೇಳ್ತೀನಿ, ಕೇಳು."

ಇದನ್ನು ಓದುವ ಅಪ್ಪ ಅಮ್ಮಂದಿರೂ, ಅಜ್ಜಿ ತಾತಂದಿರೂ, ನನ್ನ ಜೊತೆ ಕೆಲಸ ಮಾಡುವವರೂ ದಯವಿಟ್ಟು ಗಮನಿಸಿ. ಈಗ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವುದು ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರೊಳಗೇ ಇವೆ. ಕುಡಿದ ಮೈಯಲ್ಲಿ ಈ ಮಾತ್ರೆ ಹೋದರೆ ವಿಷವಾಗುವುದಿಲ್ಲ. ಕುಡಿತ ಲಿವರನ್ನು ಹಾಳುಮಾಡುತ್ತದೆ, ಬುದ್ಧಿ ಮಂಕುಮಾಡುತ್ತದೆ, ಮಾತ್ರೆ ಮರೆಸುತ್ತದೆ. ಆದ್ದರಿಂದ ಕುಡಿಯದಿರುವುದೇ ಒಳ್ಳೆಯದು. ಆದರೆ ಕುಡಿದ ದಿನವೂ ಮಾತ್ರೆ ಬೇಕೇ ಬೇಕು. ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಮತ್ತೆ ಹೆಚ್ಚುತ್ತದೆ. ಹಾಗೇ ನಡೆದರೆ ಒಂದು ದಿನ ಆ ಮಾತ್ರೆಗೆ ಬಗ್ಗದಂತೆಯೂ ಆಗಬಹುದು.

ಇನ್ನೊಂದು ವಿಷಯ ಮಾತಿನ ನಡುವೆ ಹೊರಬಿತ್ತು. ರಾತ್ರಿ ಪಂದಿ ಕರಿ, ಅದರ ಮೇಲೆ ಕುಡಿತ. ಬೆಳಿಗ್ಗೆ ಎದೆ ಉರಿ. ಅದಕ್ಕೆ ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಗ್ಯಾಸಿನ ಔಷಧಿ ಕುಡಿಯುತ್ತಿದ್ದ. ಆ ತರದ ಔಷಧಿಯಲ್ಲಿರುವ ಅಲ್ಯುಮಿನಿಯಂ, ಮೆಗ್ನೀಷಿಯಂ ಡೊಲುಟೆಗ್ರಾವಿರ್ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ಅದನ್ನು ಕುಡಿಯಬಹುದು. ಅದನ್ನು ಮೊದಲು ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ಕಾಯಬೇಕು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಂಗಡಿಯವನಿಗೆ ಇವನ ಮಾತ್ರೆಯ ವಿಷಯ ಗೊತ್ತಿಲ್ಲ, ನಮಗೆ ಇವನ ಎದೆ ಉರಿಯ ವಿಷಯ ಗೊತ್ತಿಲ್ಲ.

ರಾತ್ರಿ ಒಂಬತ್ತು ಗಂಟೆಯ ನಿಯಮವನ್ನೂ ಕೆದಕಿ ನೋಡಿದೆವು. ಮೊದಲು ಕೊಡುತ್ತಿದ್ದ ಎಫಾವಿರೆನ್ಜ್ ಇದ್ದ ಮಾತ್ರೆಯಿಂದ ತಲೆ ಸುತ್ತು, ಕೆಟ್ಟ ಕನಸು ಬರುತ್ತಿತ್ತು. ಅದಕ್ಕೆ ಮಲಗುವಾಗ ತಗೊಳ್ಳಿ ಅನ್ನುತ್ತಿದ್ದೆವು. ಮಾತ್ರೆ ಬದಲಾಯಿತು, ಹೊತ್ತು ಬದಲಾಗಲಿಲ್ಲ. ಹೊಸ ಮಾತ್ರೆಯನ್ನು ದಿನದ ಯಾವ ಹೊತ್ತಿನಲ್ಲಾದರೂ ತಗೊಳ್ಳಬಹುದು, ದಿನಾ ಅದೇ ಹೊತ್ತಿಗೆ ಅಂದರೆ ಸಾಕು. ಡಾಕ್ಟರ ಹತ್ತಿರ ಕೇಳಿ ಅವನದನ್ನು ಬೆಳಿಗ್ಗೆಗೆ ಹಾಕಿಸಿದೆವು. ಹೋಂಸ್ಟೇಯಲ್ಲಿ ಇವನೇ ಮೊದಲು ಏಳುವುದು, ಅತಿಥಿಗಳಿಗೆ ಕಾಫಿ ಕಾಯಿಸಲು. ಆರೂವರೆಗೆ ಅಡುಗೆಮನೆಯಲ್ಲಿ ಒಬ್ಬನೇ. ಬೆಲ್ಲದ ಕಾಫಿಯ ಜೊತೆಗೆ ಒಂದು ಮಾತ್ರೆ. ಎರಡು ದಿನದ ಮಾತ್ರೆಯನ್ನಷ್ಟೇ ಬಿಗಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ, ಹತ್ತಿ ಇಟ್ಟು ಒಯ್ಯಲಿ ಅಂದೆ. ಗಲಗಲ ಅನ್ನುವುದಿಲ್ಲ. ಉಳಿದದ್ದು ಮನೆಯಲ್ಲಿ, ಕಂಪನಿಯ ಬಾಟಲಿಯಲ್ಲೇ ಇರಲಿ. ಅದರೊಳಗಿನ, ತೇವ ಹೀರುವ ಸಣ್ಣ ಪೊಟ್ಟಣ ಬಿಸಾಡಬಾರದು. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಬೂಸ್ಟು ಬರುತ್ತದೆ, ಮಾತ್ರೆ ಉಳಿಯುತ್ತದಾ?

ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಬೇಕು. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಹೋದದ್ದನ್ನು ಬಿಟ್ಟುಬಿಡಬೇಕು. ಎರಡು ಒಟ್ಟಿಗೆ ನುಂಗಬಾರದು. ಸಿಗರೇಟಿನ ಮಾತೂ ಬಂತು. ಅವನಿಗೆ ಕೆಮ್ಮು ಇತ್ತು. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದೆಯಾ ಅಂತ ಕೇಳಿ, ಟಿಬಿ ಪರೀಕ್ಷೆಗೆ ಕಳಿಸಿದೆ. ಟಿಬಿ ಇರಲಿಲ್ಲ.

ಎದ್ದು ಹೋಗುವಾಗ ಅವನ ಮೊಣಕೈ ನೋಡಿದೆ. ತರಚಿದ ಗಾಯ, ಹೊಸದು. ಹೋಂಸ್ಟೇಯ ಬೈಕಿನಲ್ಲಿ ಬಿದ್ದದ್ದಂತೆ. ಲೈಸೆನ್ಸ್ ಇಲ್ಲ. ರಾತ್ರಿ ಒಂದು ಗಂಟೆಗೆ, ಕುಡಿದು, ಮಂಜಿನಲ್ಲಿ, ಘಾಟಿಯ ತಿರುವಿನಲ್ಲಿ.

"ಅಷ್ಟು ಜೋರಾಗಿ ಯಾಕೆ ಹೋಗ್ತೀಯಾ?"

"ಹೇಗೂ ಜಾಸ್ತಿ ದಿನ ಇರೋನಲ್ಲ ಅಲ್ವಾ ಮೇಡಂ."

ಮತ್ತೆ ಕೂರಿಸಿದೆ. ಇಂಥ ಮಾತನ್ನು ದಾಟಿ ಮುಂದೆ ಹೋಗಬಾರದು. ನೇರವಾಗಿಯೇ ಕೇಳಿದೆ: "ಸಾಯಬೇಕು ಅಂತ ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಹಲವರಿಗೆ ಹೆದರಿಕೆ. ಬರುವುದಿಲ್ಲ. ಕೇಳದೆ ಬಿಟ್ಟರೆ ಒಳಗೇ ಉಳಿಯುತ್ತದೆ. ಅವನು ಅತ್ತ. ಸಾಯಬೇಕು ಅಂತ ಇಲ್ಲ, ಸತ್ತರೂ ಪರವಾಗಿಲ್ಲ ಅನ್ನಿಸುತ್ತೆ ಅಂದ. 12ನೇ ವಯಸ್ಸಿನವರೆಗೆ ಅಜ್ಜಿ "ರಕ್ತ ಕಡಿಮೆ, ಅದಕ್ಕೆ ಮಾತ್ರೆ" ಅಂದಿದ್ದರಂತೆ. ನಿಜ ಗೊತ್ತಾದದ್ದು ಆಸ್ಪತ್ರೆಯ ಗೋಡೆಯ ಪೋಸ್ಟರ್ ಓದಿ. ಆ ಪೋಸ್ಟರಿನಲ್ಲಿ ಸಾವಿನ ಮಾತಿತ್ತು. ಆರು ವರ್ಷ ಅದನ್ನು ಯಾರ ಹತ್ತಿರವೂ ಹೇಳದೆ ಹೊತ್ತಿದ್ದ. ಮಕ್ಕಳಿಗೆ ಆರೇಳು ವರ್ಷದಿಂದಲೇ ಸ್ವಲ್ಪ ಸ್ವಲ್ಪ ಹೇಳುತ್ತಾ, 12ರ ಒಳಗೆ ಕಾಯಿಲೆಯ ಹೆಸರು ಹೇಳಿ ಮುಗಿಸಬೇಕು ಅಂತ ನಾವು ಮನೆಯವರಿಗೆ ಹೇಳುವುದು ಇದಕ್ಕೇ.

ಅವತ್ತೇ ಮನೋರೋಗ ವಿಭಾಗದ ಡಾಕ್ಟರಿಗೆ ತೋರಿಸಿದೆ. ರಾತ್ರಿ ಮನಸ್ಸು ಕೆಟ್ಟರೆ ಮಾತಾಡಲು 14416 ನಂಬರ್ ಬರೆದುಕೊಟ್ಟೆ. ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ವಿಷಯಕ್ಕೆ 1097. ಮಾತ್ರೆ ಬಿಡದೆ ತಗೊಂಡವರು ಉಳಿದವರ ಹಾಗೇ ಮುದುಕರಾಗುವವರೆಗೂ ಬದುಕುತ್ತಾರೆ ಅಂತ ಹೇಳಿದಾಗ, ನನ್ನನ್ನು ಸುಮ್ಮನೆ ನೋಡಿದ. ನಂಬಿದನೋ ಇಲ್ಲವೋ, ಅವತ್ತು ಗೊತ್ತಾಗಲಿಲ್ಲ. ಬೈಕಿನ ಬಗ್ಗೆ ಒಂದೇ ಒಪ್ಪಂದ ಮಾಡಿಕೊಂಡೆವು. ಕೆಲಸದ ರಾತ್ರಿ ಅಲ್ಲೇ ಮಲಗುವುದು, ಬೆಳಿಗ್ಗೆ ಬಸ್ಸಿಗೆ ಬರುವುದು.

ಎರಡು ವಾರ ಬಿಟ್ಟು ಒಬ್ಬನೇ ಬಂದ. ಕಾಲೇಜಿನ ಒಬ್ಬಳು ಹುಡುಗಿಯ ವಿಷಯ ಹೇಳಿದ. ಅವಳಿಗೂ 18. ಇನ್ನೂ ಬರೀ ಮಾತು, ಫೋನು, ಬಸ್ ಸ್ಟ್ಯಾಂಡಿನವರೆಗೆ ಜೊತೆ. "ನನಗೆ ಮದುವೆ, ಮಕ್ಕಳು ಎಲ್ಲ ಆಗುತ್ತಾ?" ಆಗುತ್ತೆ ಅಂದೆ. ವೈರಸ್ ಪರೀಕ್ಷೆಗೆ ಸಿಗದ ಮಟ್ಟಕ್ಕೆ ಇಳಿದು ಹಾಗೇ ನಿಂತರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಹರಡುವುದಿಲ್ಲ. ಎಚ್‌ಐವಿ ಇಲ್ಲದ ಮಕ್ಕಳೂ ಆಗುತ್ತಾರೆ. ಆದರೆ ಈಗ 12 ಸಾವಿರ ಇದೆ. ಇಳಿಯುವವರೆಗೆ ಆ ಭರವಸೆ ಇಲ್ಲ. ಯಾವಾಗಲಾದರೂ ಅಲ್ಲಿಯವರೆಗೆ ಹೋಗುವುದಾದರೆ ಮೊದಲು ಅವಳಿಗೆ ಹೇಳಬೇಕು, ಕಾಂಡೋಮ್ ಬೇಕು. ಇದರಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ಅವಳಿಗೂ ಒಂದು ಜೀವನ ಇದೆ. 2017ರ ಎಚ್‌ಐವಿ ಕಾಯ್ದೆ ಅವನ ಗುಟ್ಟನ್ನು ಕಾಯುತ್ತದೆ, ಸಂಗಾತಿಗೆ ಹರಡದಂತೆ ನೋಡಿಕೊಳ್ಳುವ ಹೊಣೆಯನ್ನೂ ಅವನ ಮೇಲೆ ಇಡುತ್ತದೆ. ಹೋಂಸ್ಟೇ ಮಾಲೀಕರಿಗೆ ಹೇಳಬೇಕಾ ಅಂತ ಕೇಳಿದ. ಬೇಕಿಲ್ಲ. ಅಡುಗೆ ಮಾಡಿದರೆ, ಬಡಿಸಿದರೆ, ಲೋಟ ತೊಳೆದರೆ ಎಚ್‌ಐವಿ ಬರುವುದಿಲ್ಲ. ಈ ಕಾರಣಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ಅಜ್ಜಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅವನೇ ತೀರ್ಮಾನಿಸಿದ. ಮಾತ್ರೆ ಬಿಟ್ಟದ್ದು, ಕುಡಿದದ್ದು ಹೇಳಬಹುದು. ಹುಡುಗಿಯ ವಿಷಯ ಬೇಡ. ಮುಂದಿನ ಸಲ ಮೂವರೂ ಕೂತೆವು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. "ಇವನಪ್ಪನೂ ಕುಡ್ದೇ ಹೋದ" ಅಂದರು. ಬೈಯಲಿಲ್ಲ. ಅವರಿಗೆ ನಾನು ಕೇಳಿಕೊಂಡದ್ದು ಒಂದೇ, ಡಬ್ಬಿ ಎಣಿಸುವುದು ಬಿಡಿ. ಎಣಿಸಿದಷ್ಟು ದಿನ ಅವನು ಹುಗಿಯುತ್ತಾನೆ. ಅದರ ಬದಲು ಬೆಳಿಗ್ಗೆ ಕಾಫಿ ಕೊಡುವಾಗ ಪಕ್ಕದಲ್ಲಿ ಕೂತುಕೊಳ್ಳಿ.

"ತಪ್ಪಿದ್ರೆ?"

"ತಪ್ಪಿದೆ ಅಂತ ಹೇಳೋಕೆ ಅವನಿಗೆ ಧೈರ್ಯ ಬರಲಿ ಅಜ್ಜಿ."

ಮೂರು ತಿಂಗಳು ಪ್ರತಿ ತಿಂಗಳೂ ಬಂದ. ಆಮೇಲೆ ಮತ್ತೆ ವೈರಲ್ ಲೋಡ್ ಪರೀಕ್ಷೆ. 640. ಸಾವಿರದ ಕೆಳಗೆ ಬಂದಿದೆ, ಸಿಗದ ಮಟ್ಟಕ್ಕೆ ಇನ್ನೂ ಬಂದಿಲ್ಲ. ಕುಡಿಯುವುದು ಪೂರ್ತಿ ನಿಂತಿಲ್ಲ. ಆ ಮೂರು ತಿಂಗಳಲ್ಲಿ ಕುಡಿದದ್ದು ಎರಡು ಸಲ, ಎರಡು ಸಲವೂ ಮರುದಿನ ಬೆಳಿಗ್ಗೆ ಮಾತ್ರೆ ನುಂಗಿದ್ದ. ಇದನ್ನು ಅವನೇ ಹೇಳಿದ, ನಾನು ಕೇಳುವ ಮೊದಲೇ.

ಹುಡುಗಿಗೆ ಇನ್ನೂ ಹೇಳಿಲ್ಲ. ಹೇಗೆ ಶುರುಮಾಡುವುದು ಅಂತ ನನ್ನೆದುರು ಎರಡು ಸಲ ಹೇಳಿ ನೋಡಿದ. ಎರಡು ಸಲವೂ ಮೊದಲನೇ ವಾಕ್ಯದಲ್ಲೇ ಗಂಟಲು ಕಟ್ಟಿತು. ಮುಂದಿನ ಪರೀಕ್ಷೆಯ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಮುಂದಿನ ಸಲ ಬಂದಾಗ ಇನ್ನೊಂದ್ಸಲ ಹೇಳಿ ನೋಡ್ತೀನಿ ಮೇಡಂ" ಅಂದ. ಹೊರಗೆ ಅಜ್ಜಿ ಬಸ್ಸಿಗೆ ಹೊತ್ತಾಯಿತು ಅಂತ ಕರೆಯುತ್ತಿದ್ದರು.