ಗೋ ಕಲಿಯಲು ಮೊದಲು ಯಾವ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ನಾನು ಚೆಸ್ ಆಡುವವನು. ಈಚೆಗೆ ಗೋ ಆಟದ, ಅಂದರೆ ಗೆರೆಗಳು ಕೂಡುವ ಬಿಂದುಗಳಲ್ಲಿ ಕಪ್ಪು-ಬಿಳಿ ಕಾಯಿ ಇಟ್ಟು ಜಾಗ ಸುತ್ತುವರಿಯುವ ಹಲಗೆಯಾಟದ, ಗೀಳು ಹತ್ತಿದೆ. ನಿಯಮ ಒಂದೇ ಸಂಜೆಯಲ್ಲಿ ತಲೆಗೆ ಹತ್ತಿತು. ಆಮೇಲೆ ಮೂಲೆಗಳಲ್ಲಿ ಆಡುವ ಸಿದ್ಧ ನಡೆಗಳ, ಅಂದರೆ ಜೋಸೆಕಿಯ, ದಪ್ಪ ಪುಸ್ತಕವೊಂದನ್ನು ತರಿಸಿ ಎರಡು ತಿಂಗಳಿಂದ ಓದುತ್ತಿದ್ದೇನೆ. ಆದರೂ ಆನ್‌ಲೈನ್‌ನಲ್ಲಿ ಆಡಿದಾಗಲೆಲ್ಲ ಸೋಲು. ಹೊಸಬರು ಯಾವ ಪುಸ್ತಕದಿಂದ ಶುರು ಮಾಡಬೇಕು? ಒಂಬತ್ತು ವರ್ಷದ ಮಗಳಿಗೂ ಕಲಿಸುವ ಆಸೆಯಿದೆ.

ಉತ್ತರ: ಜೋಸೆಕಿ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಚೆಸ್‌ನಿಂದ ಬಂದ ಬಹಳ ಮಂದಿ ಇದೇ ದಾರಿ ಹಿಡಿಯುವುದನ್ನು ನೋಡಿದ್ದೇನೆ. ಮೂಲೆಯ ಇಪ್ಪತ್ತು ನಡೆ ಬಾಯಿಪಾಠ ಮಾಡಿಕೊಂಡು ಹೋಗಿರುತ್ತೀರಿ, ಎದುರಾಳಿ ಮೂರನೇ ನಡೆಗೇ ಪುಸ್ತಕದಲ್ಲಿಲ್ಲದ ಕಡೆ ಕಾಯಿ ಇಡುತ್ತಾನೆ. ಅದು ತಪ್ಪು ನಡೆಯೇ ಇರಬಹುದು, ಆದರೆ ಅದಕ್ಕೆ ತಕ್ಕ ಉತ್ತರವನ್ನು ಲೆಕ್ಕ ಹಾಕಬೇಕಾದವರು ನೀವು. ಆ ಲೆಕ್ಕ ಸಣ್ಣ ಸಣ್ಣ ಸಮಸ್ಯೆಗಳನ್ನು ಬಿಡಿಸಿ ಬಿಡಿಸಿಯೇ ಕೈಗೆ ಬರಬೇಕು.

ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಜಪಾನಿನ ವೃತ್ತಿಪರ ಆಟಗಾರ ಕಾನೋ ಯೋಷಿನೋರಿ ಅವರ ‘ಗ್ರೇಡೆಡ್ ಗೋ ಪ್ರಾಬ್ಲಮ್ಸ್ ಫಾರ್ ಬಿಗಿನರ್ಸ್’. ಒಟ್ಟು ನಾಲ್ಕು ಸಂಪುಟ. ನಿಮಗೆ ಈಗ ಮೊದಲನೆಯದೊಂದು ಸಾಕು. ಗೋದಲ್ಲಿ ಹೊಸಬರ ದರ್ಜೆ ಸಾಮಾನ್ಯವಾಗಿ 30 ಕ್ಯೂನಿಂದ ಶುರುವಾಗಿ, ಆಟ ಸುಧಾರಿಸಿದಂತೆ 1 ಕ್ಯೂವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಡಾನ್. ಮೊದಲ ಸಂಪುಟ 30ರಿಂದ 25 ಕ್ಯೂ ದರ್ಜೆಯವರಿಗೆ, ಎರಡನೆಯದು 25ರಿಂದ 20ಕ್ಕೆ. ಪುಟದ ತುಂಬ ಚಿತ್ರ, ಮಾತು ಕಡಿಮೆ. ಇಂಗ್ಲಿಷ್ ಓದಲು ಹಿಂಜರಿಯುವವರಿಗೂ ತೊಡಕಾಗದು. ‘ಇದು ತೀರ ಸುಲಭ’ ಅನ್ನಿಸಿದರೂ ಬಿಡಬೇಡಿ. ಯೋಚಿಸಿ ಉತ್ತರ ಹೇಳುವುದಕ್ಕೂ ನೋಡಿದ ಕೂಡಲೇ ಕೈ ಅಲ್ಲಿಗೇ ಹೋಗುವುದಕ್ಕೂ ಬಹಳ ಅಂತರವಿದೆ. ಪುಸ್ತಕವನ್ನು ಎರಡು ಮೂರು ಸಲ ಮೊದಲಿಂದ ಕೊನೆಯವರೆಗೆ ಬಿಡಿಸಿ.

ಇಂಥ ಪುಸ್ತಕ ಏನು ಕಲಿಸುತ್ತದೆಂದು ಒಂದು ಉದಾಹರಣೆ ನೋಡೋಣ. ಬಿಳಿ ಗುಂಪೊಂದನ್ನು ಕಪ್ಪು ಕಾಯಿಗಳು ಹೊರಗಿನಿಂದ ಪೂರ್ತಿ ಮುತ್ತಿವೆ. ಗುಂಪಿನ ಒಳಗೆ ಒಂದೇ ಸಾಲಿನಲ್ಲಿ ಮೂರು ಖಾಲಿ ಬಿಂದುಗಳಿವೆ. ತಾಗಿದ ಖಾಲಿ ಬಿಂದುಗಳೆಲ್ಲ ಮುಚ್ಚಿಹೋದರೆ ಗುಂಪು ಸತ್ತಂತೆ. ಹಾಗಾಗಿ ಗುಂಪು ಬದುಕಲು ಎರಡು ಪ್ರತ್ಯೇಕ ಕಣ್ಣು, ಅಂದರೆ ತನ್ನ ಕಾಯಿಗಳೇ ಸುತ್ತುವರಿದ ಖಾಲಿ ಜಾಗ, ಬೇಕು, ಏಕೆಂದರೆ ಎದುರಾಳಿ ಒಂದೇ ಸಲಕ್ಕೆ ಎರಡು ಕಡೆ ಕಾಯಿ ಇಡಲಾರ. ಬಿಳಿ ನಡುವಿನ ಬಿಂದುವಿನಲ್ಲಿ ಇಟ್ಟರೆ ಅತ್ತ ಒಂದು ಕಣ್ಣು, ಇತ್ತ ಒಂದು ಕಣ್ಣು, ಗುಂಪು ಉಳಿಯಿತು. ಸರದಿ ಕಪ್ಪಿನದಾಗಿ ಅದೇ ಬಿಂದುವಿನಲ್ಲಿ ಕಪ್ಪು ಕೂತರೆ ಇಡೀ ಗುಂಪು ಸತ್ತಂತೆ. ಖಾಲಿ ಬಿಂದು ಮೂರರ ಬದಲು ಸಾಲಾಗಿ ನಾಲ್ಕಿದ್ದರೆ ಬಿಳಿ ನಿಶ್ಚಿಂತೆಯಿಂದ ಬೇರೆ ಕಡೆ ಆಡಬಹುದು: ಕಪ್ಪು ನಡುವಿನ ಒಂದರಲ್ಲಿ ಇಟ್ಟರೆ ಬಿಳಿ ಇನ್ನೊಂದರಲ್ಲಿ ಇಡುತ್ತದೆ. ಅದೇ ನಾಲ್ಕು ಬಿಂದು ಚೌಕವಾಗಿದ್ದರೆ ಬಿಳಿ ಮೊದಲು ಆಡಿದರೂ ಉಳಿಗಾಲವಿಲ್ಲ. ನೀವು ಸೋತ ಆಟಗಳನ್ನು ತೆರೆದು ನೋಡಿ. ಬಹುತೇಕ ಕಡೆ ಸೋಲು ಇಂಥದ್ದೇ ಒಂದು ಬಿಂದುವಿನಲ್ಲಿ ಆಗಿರುತ್ತದೆ. ಕಾಯಿಗೆ ತಾಗಿದ ಖಾಲಿ ಬಿಂದುವನ್ನು ಚೀನೀಯರು ‘ಚೀ’, ಅಂದರೆ ಉಸಿರು, ಎನ್ನುತ್ತಾರೆ. ಕನ್ನಡದಲ್ಲೂ ಉಸಿರೆಂದೇ ಎಣಿಸಿಕೊಳ್ಳಿ, ಮನಸ್ಸಿಗೆ ಬೇಗ ನಾಟುತ್ತದೆ.

ನಿಯಮದಿಂದಲೇ ಶುರು ಮಾಡುವವರಿಗೆ ಜಾನಿಸ್ ಕಿಮ್ ಮತ್ತು ಜಿಯೊಂಗ್ ಸೂ-ಹ್ಯುನ್ ಅವರ ‘ಲರ್ನ್ ಟು ಪ್ಲೇ ಗೋ’ ಮಾಲೆಯ ಮೊದಲ ಪುಸ್ತಕ ಒಳ್ಳೆಯದು. ನಿಮಗದು ಬೇಕಿಲ್ಲ.

ಪುಸ್ತಕದ ಜೊತೆಗೆ ಆಟವೂ ನಡೆಯಬೇಕು, ಅದೂ 9×9 ಹಲಗೆಯಲ್ಲಿ. 19×19ರ ದೊಡ್ಡ ಹಲಗೆಯಲ್ಲಿ 361 ಬಿಂದು. ಹೊಸಬರಿಗೆ ಅದು ಸಮುದ್ರ. 81 ಬಿಂದುಗಳಲ್ಲಿ ಮೊದಲ ಕೆಲವು ನಡೆಗಳಿಗೇ ಜಗಳ ಹತ್ತುತ್ತದೆ, ಬೆಳಿಗ್ಗೆ ಬಿಡಿಸಿದ ಸಮಸ್ಯೆ ಸಂಜೆಯ ಆಟದಲ್ಲಿ ಎದುರಾಗುತ್ತದೆ.

ಎರಡನೇ ಪುಸ್ತಕ ಕಾಗೆಯಾಮಾ ತೋಷಿರೋ ಅವರ ‘ಲೆಸನ್ಸ್ ಇನ್ ದ ಫಂಡಮೆಂಟಲ್ಸ್ ಆಫ್ ಗೋ’. ಸುಮಾರು 15 ಕ್ಯೂ ಹತ್ತಿರ ಬಂದ ಮೇಲೆ ಓದಿ. ಕಾಗೆಯಾಮಾ ಹವ್ಯಾಸಿ ಚಾಂಪಿಯನ್ ಆಗಿದ್ದು ಆಮೇಲೆ ವೃತ್ತಿಪರರಾದವರು, ಹಾಗಾಗಿ ಹವ್ಯಾಸಿಯ ಮನಸ್ಸು ಎಲ್ಲಿ ಸೋಮಾರಿಯಾಗುತ್ತದೆಂದು ಚೆನ್ನಾಗಿ ಬಲ್ಲರು. ಮೊದಲ ಅಧ್ಯಾಯವೇ ಏಣಿ ಮತ್ತು ಬಲೆ. ಏಣಿಯೆಂದರೆ ಪ್ರತಿ ನಡೆಗೂ ಅಟಾರಿ ಕೊಡುತ್ತ, ಅಂದರೆ ಒಂದೇ ಉಸಿರು ಉಳಿಸುತ್ತ, ಓಡುವ ಕಾಯಿಗಳನ್ನು ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಅಂಚಿನವರೆಗೆ ಅಟ್ಟುವುದು. ಓಡುವ ದಾರಿಯಲ್ಲಿ ತನ್ನದೊಂದು ಕಾಯಿ ಮೊದಲೇ ಕೂತಿದ್ದರೆ ಬಚಾವು, ಇಲ್ಲದಿದ್ದರೆ ಓಡಿದಷ್ಟೂ ನಷ್ಟ ಹೆಚ್ಚು. ಆಡುವ ಮೊದಲು ಆ ದಾರಿಯನ್ನು ಕಣ್ಣಲ್ಲೇ ಕೊನೆಯವರೆಗೆ ನಡೆದು ನೋಡಬೇಕು. ಇಷ್ಟು ಮನವೊಲಿಸುವಂತೆ ಅದನ್ನು ಹೇಳಿದ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ.

ದೊಡ್ಡ ಹಲಗೆಗೆ ಹೋದ ಮೇಲೆ ಆರಂಭದ ಆಟಕ್ಕೆ ಓಟಾಕೆ ಹಿದೆಯೋ ಅವರ ‘ಓಪನಿಂಗ್ ಥಿಯರಿ ಮೇಡ್ ಈಸಿ’ ಸಾಕು. 20 ಸೂತ್ರಗಳು, ತಿಳಿಯಾದ ವಿವರಣೆ.

ಮಗಳಿಗೆ ಪುಸ್ತಕ ಕೊಡಬೇಡಿ. ಜಪಾನಿನ ವೃತ್ತಿಪರ ಆಟಗಾರ ಯಾಸುದಾ ಯಾಸುತೋಷಿ ಮಕ್ಕಳ ನಡುವೆ ಬೆಳೆಸಿದ ‘ಮೊದಲು ಹಿಡಿದವರು ಗೆದ್ದರು’ ಆಟ ಆಡಿಸಿ: 9×9 ಹಲಗೆ, ಎದುರಾಳಿಯ ಒಂದು ಕಾಯಿಯ ಉಸಿರು ಕಟ್ಟಿ ತೆಗೆದವರಿಗೆ ಗೆಲುವು. ಆಡು-ಹುಲಿ ಆಡಿದ ಮಗುವಾದರೆ ಗೆರೆ ಕೂಡುವ ಕಡೆ ಕಾಯಿ ಇಡುವುದೂ ಸುತ್ತುವರಿದು ಕಟ್ಟಿಹಾಕುವುದೂ ಹೊಸದೆನಿಸದು. ಕೆಲವು ವಾರ ಕಳೆದ ಮೇಲೆ ‘ಇಲ್ಲಿ ಜಾಗ ಯಾರದ್ದು?’ ಎಂದು ಅವಳೇ ಕೇಳತೊಡಗಿದರೆ ಪೂರ್ತಿ ನಿಯಮ ಹೇಳಿಕೊಡಿ, ಕಾನೋ ಪುಸ್ತಕದ ಸಮಸ್ಯೆಗಳನ್ನು ಇಬ್ಬರೂ ಕೂಡಿ ಬಿಡಿಸಿ.

ನಿಮ್ಮ ಜೋಸೆಕಿ ಪುಸ್ತಕ 2016ಕ್ಕಿಂತ ಹಳೆಯದಾಗಿದ್ದರೆ ಇನ್ನೊಂದು ಮಾತು. ಆ ವರ್ಷದ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಹೆಸರಾಂತ ವೃತ್ತಿಪರ ಆಟಗಾರ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು. ಅಲ್ಲಿಂದೀಚೆಗೆ ಮೂಲೆಯ ಆಟ ಬಹಳ ಬದಲಾಗಿದೆ. ಆರಂಭದಲ್ಲೇ 3-3 ಬಿಂದುವಿಗೆ, ಅಂದರೆ ಮೂಲೆಯಲ್ಲಿ ಎರಡೂ ಅಂಚಿನಿಂದ ಮೂರನೇ ಗೆರೆ ಕೂಡುವಲ್ಲಿಗೆ, ನುಗ್ಗುವುದನ್ನು ಹಿಂದೆ ಅವಸರದ ನಡೆ ಎನ್ನುತ್ತಿದ್ದರು, ಈಗ ವೃತ್ತಿಪರರೇ ದಿನವೂ ಆಡುತ್ತಾರೆ. ಸಾಲಾಗಿ ಮೂರು ಬಿಂದುವಿನ ಸಮಸ್ಯೆಗೆ ಮಾತ್ರ ಅಂದೂ ಇಂದೂ ನಡುವಿನ ಬಿಂದುವೇ ಉತ್ತರ. 10 ಕ್ಯೂ ದಾಟಿದ ಮೇಲೆ ಜೋಸೆಕಿ ಪುಸ್ತಕ ಮತ್ತೆ ತೆಗೆಯಿರಿ, ಪ್ರತಿ ನಡೆಯ ಮುಂದೆಯೂ ‘ಇಲ್ಲೇ ಏಕೆ?’ ಎಂದು ಕೇಳಿಕೊಳ್ಳುತ್ತ ಓದಿ.